ಇಂಟರ್‌ಕೂಲರ್: ಎಷ್ಟು ದೊಡ್ಡದಿದ್ದರೆ ಸರಿ?

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಇದು ಗೊತ್ತು. ಇಪ್ಪತ್ತು ಮೂವತ್ತು ಸಲ ಜೋರಾಗಿ ಒತ್ತಿದ ಮೇಲೆ ಪಂಪಿನ ಬುಡ ಮುಟ್ಟಿದರೆ ಬೆರಳು ಚುರ್ರೆನ್ನುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬೇರೆ ಬೆಂಕಿ ಬೇಕಿಲ್ಲ. ಕಾರಿನ ಟರ್ಬೊ ಮಾಡುವುದೂ ಇದೇ ಕೆಲಸ. ಎಂಜಿನ್ನು ಉಗುಳಿದ ಹೊಗೆಯ ರಭಸದಿಂದ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುವ ಪುಟ್ಟ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರಿನತ್ತ ತಳ್ಳುತ್ತದೆ.

ಒಂದು ಲೆಕ್ಕ ಹಾಕೋಣ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದೆ. ಟರ್ಬೊ ಗಾಳಿಯನ್ನು ವಾತಾವರಣದ ಎರಡು ಪಟ್ಟು ಒತ್ತಡಕ್ಕೆ ತರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಇದು ‘ಒಂದು ಬಾರ್ ಬೂಸ್ಟ್’. ಟರ್ಬೊದ ದಕ್ಷತೆ ಶೇ. 70 ಎಂದು ಹಿಡಿದರೆ ಹೊರಬೀಳುವ ಗಾಳಿ ಸುಮಾರು 125 ಡಿಗ್ರಿ ಇರುತ್ತದೆ, ಕುದಿಯುವ ನೀರಿಗಿಂತ ಬಿಸಿ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಾಗಾಗಿ ಒತ್ತಡ ಎರಡು ಪಟ್ಟಾದರೂ ಸಿಲಿಂಡರಿಗೆ ಸೇರುವ ಗಾಳಿಯ ತೂಕ ಸುಮಾರು ಒಂದೂವರೆ ಪಟ್ಟಿಗೇ ನಿಲ್ಲುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೊಂದು ಕೇಡೂ ಉಂಟು: ಬಿಸಿ ಗಾಳಿ ಹೋದರೆ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದು ಟಕಟಕ ಬಡಿಯುತ್ತದೆ. ಕಾರಿನ ಕಂಪ್ಯೂಟರ್ ಕೂಡಲೇ ಕಿಡಿಯನ್ನು ತಡ ಮಾಡುತ್ತದೆ. ‘ಯಾಕೋ ಗಾಡಿ ಎಳೀತಿಲ್ಲ’ ಎನ್ನುವ ದೂರು ಅಲ್ಲಿಂದಲೇ ಹುಟ್ಟುತ್ತದೆ.

ಬಿಸಿ ಚಹಾವನ್ನು ಬಸಿಗೆ ಸುರಿದು ಕುಡಿಯುವವರಿಗೆ ಪರಿಹಾರ ಹೇಳಿಕೊಡಬೇಕಿಲ್ಲ. ತೆಳ್ಳಗೆ ಹರಡು, ಗಾಳಿಗೆ ಒಡ್ಡು. ಲಾರಿ, ವ್ಯಾನುಗಳ ಮೈಮೇಲೆ ‘ಟಿಸಿಐಸಿ’ ಎಂದು ಬರೆದಿರುತ್ತದಲ್ಲ, ಅದರ ಕೊನೆಯ ‘ಐಸಿ’, ಅಂದರೆ ಇಂಟರ್‌ಕೂಲರ್, ಈ ಬಸಿಯೇ. ಚಪ್ಪಟೆ ಅಲ್ಯೂಮಿನಿಯಂ ಕೊಳವೆಗಳೊಳಗೆ ಟರ್ಬೊದ ಬಿಸಿ ಗಾಳಿ ಹಾಯುತ್ತದೆ. ಕೊಳವೆಗಳ ನಡುವಿನ ತೆಳು ರೆಕ್ಕೆಗಳ ಸಂದಿಯಲ್ಲಿ ಹೊರಗಿನ ಗಾಳಿ ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತದೆ. (ಫೋಕ್ಸ್‌ವ್ಯಾಗನ್ನಿನ 1.2 ಟಿಎಸ್‌ಐನಂಥ ಕೆಲವು ಎಂಜಿನ್ನುಗಳಲ್ಲಿ ಗಾಳಿಯನ್ನು ನೀರಿನಿಂದ ತಣಿಸುತ್ತಾರೆ. ಅದರ ಲೆಕ್ಕವೇ ಬೇರೆ.)

ಹಾಗಾದರೆ ಬಸಿ ದೊಡ್ಡದಾದಷ್ಟೂ ಒಳ್ಳೆಯದಲ್ಲವೆ? ಹೆಚ್ಚಿನವರು ಎಡವುವುದು ಇಲ್ಲೇ. ಇಂಟರ್‌ಕೂಲರ್ ಬಿಸಿಯನ್ನು ತೆಗೆಯುವ ಜೊತೆಗೆ ಒತ್ತಡವನ್ನೂ ಒಂದಿಷ್ಟು ನುಂಗುತ್ತದೆ. ಗಾಳಿ ಇಕ್ಕಟ್ಟಾದ ಕೊಳವೆಗಳಲ್ಲಿ ನುಸುಳಿ ಬರಬೇಕಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಟರ್ಬೊ ಏರಿಸಿದ 95 ಡಿಗ್ರಿಯಲ್ಲಿ ಶೇ. 70ನ್ನು ಇಳಿಸಿ, 0.1 ಬಾರ್ ಒತ್ತಡ ಕಳೆಯುವ ಇಂಟರ್‌ಕೂಲರ್ ಹಾಕಿದರೆ ಗಾಳಿ 60 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅದರ ಸಾಂದ್ರತೆ ಹೊರಗಿನ ಗಾಳಿಯ 1.74 ಪಟ್ಟು. ಈಗ ಇನ್ನೂ ದೊಡ್ಡದೊಂದನ್ನು ತಂದಿರಿ ಎನ್ನಿ. ಅದು ಶೇ. 80 ಇಳಿಸುತ್ತದೆ, ಆದರೆ ಒಳಗಿನ ದಾರಿ ಉದ್ದವಾದ್ದರಿಂದ 0.2 ಬಾರ್ ನುಂಗುತ್ತದೆ. ಗಾಳಿ 50 ಡಿಗ್ರಿಗೆ ತಣಿದಿದ್ದರೂ ಸಾಂದ್ರತೆ 1.69ಕ್ಕೆ ಇಳಿಯಿತು! ಹಣವೂ ಹೋಯಿತು, ಎಳೆತವೂ ತಗ್ಗಿತು. ಅದೇ ಶೇ. 80ನ್ನು 0.1 ಬಾರ್ ನಷ್ಟದಲ್ಲೇ ಸಾಧಿಸುವ ಕೋರ್ (ಕೊಳವೆ-ರೆಕ್ಕೆಗಳ ಕಟ್ಟು) ಸಿಕ್ಕಿದ್ದರೆ 1.79 ಆಗುತ್ತಿತ್ತು. ಗಾತ್ರ ಕೇಳುವ ಮುನ್ನ ಈ ಎರಡು ಅಂಕಿಗಳನ್ನು ಕೇಳಬೇಕು: ಎಷ್ಟು ತಣಿಸುತ್ತದೆ, ಎಷ್ಟು ಒತ್ತಡ ತಿನ್ನುತ್ತದೆ. ಶೇ. 70ಕ್ಕಿಂತ ಮೇಲೆ ತಣಿಸಿ, ಪೂರ್ತಿ ಓಟದಲ್ಲಿ 0.1 ಬಾರ್ ಆಚೀಚೆ ಮಾತ್ರ ತಿಂದರೆ ಅದು ರಸ್ತೆ ಕಾರಿಗೆ ಒಳ್ಳೆಯ ಇಂಟರ್‌ಕೂಲರೇ ಸರಿ.

ಈಗ ಅಳತೆಪಟ್ಟಿ ಹಿಡಿಯೋಣ. ಬಂಪರಿನ ಹಿಂದೆ ಅಡ್ಡಡ್ಡ ಕೊಳವೆಗಳಿರುವ ಕೋರ್ ಇದೆ ಎಂದುಕೊಳ್ಳಿ. ಎತ್ತರ ಹೆಚ್ಚಿಸಿದರೆ ಕೊಳವೆಗಳ ಸಂಖ್ಯೆ ಹೆಚ್ಚುತ್ತದೆ. ಗಾಳಿ ಹತ್ತಾರು ಬಾಗಿಲುಗಳಲ್ಲಿ ಹಂಚಿಕೊಂಡು ನಿಧಾನವಾಗಿ ಹಾಯುವುದರಿಂದ ಒತ್ತಡದ ನಷ್ಟ ಇಳಿಯುತ್ತದೆ, ಗಾಳಿಗೆ ಒಡ್ಡಿದ ಮುಖವೂ ಅಗಲವಾಗುತ್ತದೆ. ಉದ್ದ ಹೆಚ್ಚಿಸಿದರೆ ತಣಿಸುವಿಕೆ ಹೆಚ್ಚುತ್ತದೆ, ಆದರೆ ಅದಕ್ಕೆ ಒತ್ತಡದಲ್ಲಿ ತೆರಿಗೆ ಕಟ್ಟಬೇಕು. ದಪ್ಪ ಹೆಚ್ಚಿಸಿದರೆ ಸಿಗುವ ಲಾಭ ಬಲು ಕಡಿಮೆ. ಹೊರಗಿನ ಗಾಳಿ ಮೊದಲ ಸಾಲಿನ ರೆಕ್ಕೆಗಳಲ್ಲೇ ಬಿಸಿ ಹೀರಿಕೊಂಡುಬಿಡುತ್ತದೆ; ಹಿಂದಿನ ಸಾಲುಗಳಿಗೆ ದಕ್ಕುವುದು ಆಗಲೇ ಬಿಸಿಯಾದ ಗಾಳಿ. ಇಂಟರ್‌ಕೂಲರಿನ ಹಿಂದೆ ಎಸಿಯ ಕಂಡೆನ್ಸರ್, ಅದಕ್ಕೂ ಹಿಂದೆ ರೇಡಿಯೇಟರ್ ತಮ್ಮ ಪಾಲಿಗೆ ಕಾದು ನಿಂತಿರುತ್ತವೆ. ನನ್ನನ್ನು ಕೇಳಿದರೆ ಮೊದಲು ಎತ್ತರ, ಆಮೇಲೆ ಉದ್ದ, ಕೊನೆಗೆ ದಪ್ಪ.

ಇದು ನನಗೆ ಮನದಟ್ಟಾದದ್ದು ಚಾರ್ಮಾಡಿ ಘಾಟಿಯಲ್ಲಿ. ಗೆಳೆಯನೊಬ್ಬ ತನ್ನ ಕಾರಿಗೆ ಮೂರೂವರೆ ಇಂಚು ದಪ್ಪದ ಇಂಟರ್‌ಕೂಲರ್ ಕೂರಿಸಿದ್ದ. ಬಂಪರಿನ ಬಾಯಿ ತುಂಬ ಫಳಫಳ ಹೊಳೆಯುವ ಅಲ್ಯೂಮಿನಿಯಂ. ಹೆದ್ದಾರಿಯಲ್ಲಿ ಗಾಡಿ ಬಾಣದಂತೆ ಹೋಗುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಉಜಿರೆಯಿಂದ ಮೇಲೆ ಹತ್ತತೊಡಗಿದೆವು. ಎರಡನೇ ಗೇರು, ಕಾಲು ಪೆಡಲಿನ ಮೇಲೆ, ಮುಂದೆ ಲಾರಿಗಳ ಸಾಲು. ಟರ್ಬೊ ಪೂರ್ತಿ ಒತ್ತುತ್ತಿತ್ತು, ಮುಂದಿನಿಂದ ಬೀಸುವ ಗಾಳಿ ಮಾತ್ರ ಇರಲಿಲ್ಲ. ಅರ್ಧ ದಾರಿಯಲ್ಲಿ ಎಸಿ ಬೆಚ್ಚಗಾಯಿತು, ಎಂಜಿನ್ನಿನ ಉಷ್ಣತೆಯ ಮುಳ್ಳು ಮೇಲೇರಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆವು. ಟರ್ಬೊದಿಂದ ಬರುವ ಪೈಪಿನ ಹತ್ತಿರ ಕೈ ಒಯ್ಯುವಂತಿರಲಿಲ್ಲ. ಇಂಟರ್‌ಕೂಲರ್ ದಾಟಿ ಬರುವ ಪೈಪು ಬೆಚ್ಚಗಿರಬೇಕಿತ್ತು. ಅದನ್ನು ಹಿಡಿದು ಮೂರು ಎಣಿಸಲಾಗಲಿಲ್ಲ. ಆಮೇಲೆ ಅವನು ಎರಡೂಕಾಲು ಇಂಚಿನ, ಆದರೆ ಒಂದು ಗೇಣು ಎತ್ತರದ ಕೋರ್ ಹಾಕಿಸಿದ. ಕೋರ್ ಮತ್ತು ಬಂಪರಿನ ನಡುವಿನ ಸಂದಿಗಳಿಗೆ ತಗಡಿನ ಪಟ್ಟಿ ಕಟ್ಟಿಸಿದ. ಗಾಳಿ ಸೋಮಾರಿ, ಪಕ್ಕದಲ್ಲಿ ಸಂದಿ ಸಿಕ್ಕರೆ ರೆಕ್ಕೆಗಳ ನಡುವೆ ನುಗ್ಗುವ ಶ್ರಮ ಪಡುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ಘಾಟಿ ಹತ್ತಿದಾಗ ಮುಳ್ಳು ನಡುವಿನಿಂದ ಕದಲಲಿಲ್ಲ.

ಹೆದ್ದಾರಿಯಲ್ಲಿ ಆ ದಪ್ಪ ಕೋರ್ ಚೆನ್ನಾಗಿ ಓಡಿದ್ದೇಕೆ? ಪೆಟ್ರೋಲ್ ಎಂಜಿನ್ನಿಗೆ ಪ್ರತಿ 10 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 450 ಗ್ರಾಂ ಗಾಳಿ ಬೇಕು. 150 ಅಶ್ವಶಕ್ತಿಗೆ ಹೆಚ್ಚುಕಡಿಮೆ 7 ಕೆ.ಜಿ. ಅಷ್ಟು ಗಾಳಿಯನ್ನು 125ರಿಂದ 60 ಡಿಗ್ರಿಗೆ ಇಳಿಸುವುದೆಂದರೆ ಸುಮಾರು ಏಳೂವರೆ ಕಿಲೋವ್ಯಾಟ್ ಬಿಸಿ ಹೊರಹಾಕಬೇಕು. ನಾಲ್ಕು ಮನೆಗಳ ಗೀಸರುಗಳು ಒಟ್ಟಿಗೆ ಉರಿದಂತೆ. ಐದು ಕೆ.ಜಿ. ಅಲ್ಯೂಮಿನಿಯಂ ಗಾಳಿಯ ನೆರವೇ ಇಲ್ಲದೆ ಈ ಬಿಸಿಯನ್ನು ನುಂಗಿದರೂ ತಾನು 30 ಡಿಗ್ರಿ ಏರಲು 18 ಸೆಕೆಂಡು ಹಿಡಿಯುತ್ತದೆ. ಒಂದು ಓವರ್‌ಟೇಕಿಗೆ, ಕಾಲು ಮೈಲಿಯ ಡ್ರ್ಯಾಗ್ ಓಟಕ್ಕೆ ಅಷ್ಟು ಸಾಕು, ತೂಕದ ಕೋರ್ ಅಲ್ಲಿ ಗೆಲ್ಲುತ್ತದೆ. ಅರ್ಧ ಗಂಟೆಯ ಘಾಟಿಯಲ್ಲಿ ಲೋಹದ ಹೊಟ್ಟೆ ತುಂಬಿಹೋಗಿ, ಕೊನೆಗೆ ಉಳಿಯುವುದು ಹಾಯುವ ಗಾಳಿ ಮಾತ್ರ. ಕೂರಿಸುವ ಜಾಗವೂ ಮುಖ್ಯ. ಸುಬಾರು ಇಂಪ್ರೆಜಾದ ಟರ್ಬೊ ಮಾದರಿಗಳಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ತಲೆಯ ಮೇಲೇ ಮಲಗಿದೆ, ಬಾನೆಟ್ಟಿನ ಕಿಂಡಿಯಿಂದ ಗಾಳಿ ಕುಡಿಯುತ್ತದೆ. ಪೈಪು ಗಿಡ್ಡ, ಎಳೆತ ಚುರುಕು. ಆದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಎಂಜಿನ್ನಿನ ಬಿಸಿಯೆಲ್ಲ ಅದಕ್ಕೇ ತಟ್ಟುತ್ತದೆ.

ನಮ್ಮ ಊರುಗಳ ಎತ್ತರವನ್ನೂ ಮರೆಯಬಾರದು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆ. ಎಂಜಿನ್ನಿಗೆ ಅದೇ ಒತ್ತಡ ಕೊಡಲು ಟರ್ಬೊ ಹೆಚ್ಚು ದುಡಿಯಬೇಕು. ಹೊರಗಿನ ಬಿಸಿಲು ಒಂದೇ ಇದ್ದರೂ ಹೊರಬೀಳುವ ಗಾಳಿ ಸುಮಾರು 15 ಡಿಗ್ರಿ ಹೆಚ್ಚು ಬಿಸಿ. ತಣಿಸುವ ಗಾಳಿಯೂ ಅಷ್ಟೇ ತೆಳು.

ದೊಡ್ಡ ಇಂಟರ್‌ಕೂಲರ್ ಹಾಕಿದರೆ ಪಿಕಪ್ ಸತ್ತುಹೋಗುತ್ತದೆ ಎಂಬ ಹೆದರಿಕೆಯನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. 3,000 ಸುತ್ತಿನಲ್ಲಿ 1.8 ಲೀಟರ್ ಎಂಜಿನ್ ಸೆಕೆಂಡಿಗೆ ನಲವತ್ತು ಲೀಟರಿಗೂ ಹೆಚ್ಚು ಗಾಳಿ ಕುಡಿಯುತ್ತದೆ. ಹೊಸ ಕೋರಿನಲ್ಲಿ ಐದು ಲೀಟರ್ ಜಾಗ ಹೆಚ್ಚಿದ್ದರೆ ವ್ಯತ್ಯಾಸ ತೀರಾ ಸಣ್ಣದು. ಬೇಕಿಲ್ಲದೆ ಉದ್ದವಾದ, ಮೂರು ಇಂಚಿನ ಪೈಪುಗಳನ್ನು ಸುತ್ತಿಸಿ ತರುವುದೇ ಹೆಚ್ಚು ತೊಂದರೆ. 150ರಿಂದ 250 ಅಶ್ವಶಕ್ತಿಯ ಕಾರಿಗೆ ಎರಡರಿಂದ ಎರಡೂವರೆ ಇಂಚಿನ ಪೈಪು ಧಾರಾಳ ಸಾಕು.

ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ. ಟರ್ಬೊದಿಂದ ಬಂದ ಎಣ್ಣೆ ಒಳಗೆ ಪದರಗಟ್ಟಿ, ಹೊರಗೆ ಕೆಸರು, ಹುಳ, ಬಾಗಿದ ರೆಕ್ಕೆ ತುಂಬಿದ್ದರೆ ಮೊದಲು ತೊಳೆಸಿ, ರೆಕ್ಕೆ ನೇರ ಮಾಡಿಸಿ, ಹೋಸುಗಳ ಕ್ಲಾಂಪು ಬಿಗಿಸಿ, ಸಾಬೂನು ನೀರು ಹಚ್ಚಿ ಸೋರಿಕೆ ನೋಡಿಸಿ. ಕಂಪ್ಯೂಟರ್ ಮುಟ್ಟದ, ಕಂಪನಿ ಕೊಟ್ಟ ಬೂಸ್ಟಿನಲ್ಲೇ ಓಡುವ ಕಾರಿಗೆ ಬಹಳ ಸಲ ಇಷ್ಟೇ ಸಾಕಾಗುತ್ತದೆ. ಬೂಸ್ಟ್ ಏರಿಸಿದ ಕಾರಾದರೆ ಇಂಟರ್‌ಕೂಲರಿನ ಎರಡೂ ಬಾಯಿಗೆ ಒಂದೊಂದು ಉಷ್ಣಮಾಪಕ, ಒಂದೊಂದು ಒತ್ತಡದ ಗೇಜು ಜೋಡಿಸಿ ಒಂದು ಏರನ್ನು ಪೂರ್ತಿ ಹತ್ತಿಸಿ. ಒತ್ತಡದ ವ್ಯತ್ಯಾಸ 0.2 ಬಾರ್ ಮುಟ್ಟಿದರೆ ಒಳಗಿನ ದಾರಿ ಇಕ್ಕಟ್ಟು, ಎತ್ತರದ ಕೋರ್ ಹುಡುಕಿ. ಒತ್ತಡ ಸರಿಯಿದ್ದು, ಹೊರಬಾಯಿಯ ಉಷ್ಣತೆ ಮಾತ್ರ ನಿಮಿಷ ನಿಮಿಷಕ್ಕೆ ಏರುತ್ತಿದ್ದರೆ ಹೊಸ ಕೋರಿಗೆ ದುಡ್ಡು ಎಣಿಸುವ ಮುನ್ನ ಬಂಪರಿನೊಳಗೆ ಕೈ ಹಾಕಿ, ಗಾಳಿ ಎಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂದು ಸಂದಿ ಸಂದಿ ತಡಕಿ ನೋಡಿ.