ಹೌದು, ಅಲ್ಲ ಮತ್ತು 256

ಇಂಟೆಲ್ ಮಾದರಿಯ ಪ್ರೊಸೆಸರ್ ಇರುವ ಸಾಮಾನ್ಯ ಲಿನಕ್ಸ್ ಕಂಪ್ಯೂಟರಿನಲ್ಲಿ ಸಿ ಭಾಷೆಯ ‘ಈಸ್‌ಅಪ್ಪರ್’ ಫಂಕ್ಷನ್ನಿಗೆ ಇಂಗ್ಲಿಷಿನ ದೊಡ್ಡ ‘ಎ’ ಕೊಟ್ಟು, ಇದು ದೊಡ್ಡಕ್ಷರವೇ ಎಂದು ಕೇಳಿ. 256 ಎಂಬ ಉತ್ತರ ಬರುತ್ತದೆ. ಅದನ್ನೇ ‘ಈಸ್‌ಆಲ್ಫಾ’ಗೆ ಕೊಟ್ಟು, ಇದು ಅಕ್ಷರವೇ ಎಂದು ಕೇಳಿದರೆ 1024. ಹೌದು, ಅಲ್ಲ ಎಂದು ಮುಗಿಯಬೇಕಾದ ಪ್ರಶ್ನೆಗೆ ಇದೇನು ಲೆಕ್ಕ ಎನಿಸೀತು. ಆದರೆ ಎರಡು ಉತ್ತರಗಳೂ ಸರಿ.

ಈ ಫಂಕ್ಷನ್ನುಗಳಿರುವ ಲೈಬ್ರರಿಯೊಳಗೆ ಒಂದು ಪಟ್ಟಿಯಿದೆ. ಪ್ರತಿ ಅಕ್ಷರಕ್ಕೂ ಅಲ್ಲಿ 16 ಬಿಟ್‌ಗಳ ಒಂದು ಮನೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಂಬ ಒಂದೊಂದು ಗುಣಕ್ಕೂ ಒಂದೊಂದು ಬಿಟ್. ಕೇಳಿದ ಬಿಟ್ ಇದ್ದರೆ ಫಂಕ್ಷನ್ ಅದನ್ನು ಇದ್ದ ಜಾಗದಲ್ಲೇ ಎತ್ತಿಕೊಡುತ್ತದೆ. ಒಂದರ ಸ್ಥಾನಕ್ಕೆ ಸರಿಸುವ ಶ್ರಮ ಪಡುವುದಿಲ್ಲ. ಏಕೆಂದರೆ ಸಿ ಭಾಷೆಯ ನಿಯಮ ಕೇಳುವುದು ಇಷ್ಟೇ: ಉತ್ತರ ಸುಳ್ಳಾದರೆ ಸೊನ್ನೆ ಬರಲಿ, ನಿಜವಾದರೆ ಸೊನ್ನೆಯಲ್ಲದ ಏನಾದರೂ ಬರಲಿ.

1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಕಟ್ಟಿದಾಗ ಅದರ ಹಿಂದಿದ್ದ ಬಿ ಮತ್ತು ಬಿಸಿಪಿಎಲ್ ಭಾಷೆಗಳಲ್ಲಿ ಟೈಪ್ ಎಂಬುದೇ ಇರಲಿಲ್ಲ. ಎಲ್ಲವೂ ಯಂತ್ರದ ಒಂದು ‘ವರ್ಡ್’. ಸಿ ಭಾಷೆಗೆ ಅಕ್ಷರದ ಟೈಪ್ ಬಂತು, ಪೂರ್ಣಾಂಕದ ಟೈಪ್ ಬಂತು. ನಿಜ, ಸುಳ್ಳು ಎಂಬ ಎರಡೇ ಬೆಲೆಗಳ ಬೂಲಿಯನ್ ಟೈಪ್ ಆಲ್ಗಾಲ್ 60 ಮತ್ತು ಪಾಸ್ಕಲ್ ಭಾಷೆಗಳಲ್ಲಿ ಆಗಲೇ ಇತ್ತು, ಸಿ ಭಾಷೆಗೆ ಮಾತ್ರ ಬರಲಿಲ್ಲ. ಸಂಖ್ಯೆಯೊಂದು ಸೊನ್ನೆಯೋ ಅಲ್ಲವೋ ಎಂದು ನೋಡುವುದು ಪ್ರೊಸೆಸರಿಗೆ ಬಲು ಅಗ್ಗದ ಕೆಲಸ. ಅಷ್ಟರಲ್ಲೇ ಕೆಲಸ ನಡೆಯಿತು. 1989ರ ಮೊದಲ ಅಧಿಕೃತ ಮಾನದಂಡವೂ ಈ ಜಾಗವನ್ನು ಖಾಲಿ ಬಿಟ್ಟಿತು.

ಹೀಗಾಗಿ ಸಿ ಭಾಷೆಯಲ್ಲಿ ಸುಳ್ಳಿಗೆ ಒಂದೇ ರೂಪ, ಸೊನ್ನೆ. ನಿಜಕ್ಕೆ 32 ಬಿಟ್‌ನ ಪೂರ್ಣಾಂಕದಲ್ಲಿ 429 ಕೋಟಿಗೂ ಹೆಚ್ಚು ರೂಪ. ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಭಾಷೆ ಕೊಡದಿದ್ದುದನ್ನು ಪ್ರೋಗ್ರಾಮರುಗಳು ತಾವೇ ಮಾಡಿಕೊಂಡರು. ಎಕ್ಸ್ ವಿಂಡೋ ವ್ಯವಸ್ಥೆ ‘ಬೂಲ್’ ಎಂಬ ಚಿಕ್ಕ ಹೆಸರಿನ ತನ್ನ ಬೂಲಿಯನ್ನನ್ನು ಪೂರ್ಣಾಂಕವಾಗಿಟ್ಟಿತು. ಮೈಕ್ರೋಸಾಫ್ಟ್ ವಿಂಡೋಸ್ ಕೂಡ ಹಾಗೇ ಮಾಡಿತು. ಅದರ ‘ಗೆಟ್‌ಮೆಸೇಜ್’ ಫಂಕ್ಷನ್ ಬೂಲ್ ಕೊಡುತ್ತೇನೆ ಎನ್ನುತ್ತಲೇ, ದೋಷ ಬಂದಾಗ -1 ಕೊಡುತ್ತದೆ. ಜಾಗ ಉಳಿಸಬೇಕೆಂದವರು ಒಂದು ಬೈಟ್‌ನ ‘ಚಾರ್’ ಟೈಪಿಗೆ ಬೂಲ್ ಎಂದು ಹೆಸರಿಟ್ಟರು.

ಹೆಸರು ಸುಲಭವಾಗಿ ಬಂತು, ಗುಣ ಬರಲಿಲ್ಲ. ‘ಟ್ರೂ’ ಎಂದರೆ 1 ಎಂದು ಬರೆದಿಟ್ಟುಕೊಂಡವರು ಈಸ್‌ಅಪ್ಪರ್‌ನ ಉತ್ತರ ‘ಟ್ರೂ’ಗೆ ಸಮವೇ ಎಂದು ಪರೀಕ್ಷಿಸಿದರೆ, 256 ಎಂಬುದು 1 ಅಲ್ಲವಾದ್ದರಿಂದ ದೊಡ್ಡಕ್ಷರವೂ ದೊಡ್ಡಕ್ಷರವಲ್ಲ ಎಂದಾಗುತ್ತದೆ. ಒಂದು ಬೈಟ್‌ನ ಬೂಲ್‌ನಲ್ಲಿ ಅದೇ ಉತ್ತರ ತುಂಬಿದರೆ ಇನ್ನೂ ಕೇಡು. ಮೂರೇ ಅಂಕಿಯ ಮೀಟರು 999 ದಾಟಿ 000ಕ್ಕೆ ತಿರುಗುವಂತೆ, 255ರವರೆಗೆ ಮಾತ್ರ ಎಣಿಸಬಲ್ಲ ಬೈಟ್‌ನಲ್ಲಿ 256 ಸೊನ್ನೆಯಾಗಿ ಕೂರುತ್ತದೆ. ನಿಜ ಸುಳ್ಳಾಗುತ್ತದೆ, ಕಂಪೈಲರ್ ಸಾಮಾನ್ಯವಾಗಿ ಚಕಾರ ಎತ್ತುವುದಿಲ್ಲ. ಒಂದೇ ಬಿಟ್ ಸಾಕೆಂದು ಜಿಪುಣತನ ಮಾಡಿದವರಿಗೂ ಸುಖವಿಲ್ಲ: ಆ ಬಿಟ್ ಋಣಚಿಹ್ನೆಯ ಬಿಟ್ ಆಗಿದ್ದರೆ, ಒಳಗಿಟ್ಟ 1 ಹೊರಬರುವಾಗ -1 ಆಗಿರುತ್ತದೆ.

1999ರ ಮಾನದಂಡ ಕೊನೆಗೆ ನಿಜವಾದ ಬೂಲಿಯನ್ ಟೈಪ್ ತಂದಿತು. ಅದರ ವಿಶೇಷ ಇರುವುದು ಅಳತೆಯಲ್ಲಲ್ಲ, ಪರಿವರ್ತನೆಯಲ್ಲಿ: ಸೊನ್ನೆಯಲ್ಲದ ಯಾವುದನ್ನೇ ತುಂಬಿದರೂ ಅದು 1 ಆಗುತ್ತದೆ. 0.5 ಅನ್ನು ಪೂರ್ಣಾಂಕಕ್ಕೆ ತುಂಬಿದರೆ ದಶಾಂಶ ಉದುರಿ ಸೊನ್ನೆ ಉಳಿಯುತ್ತದೆ. ಹೊಸ ಟೈಪಿಗೆ ತುಂಬಿದರೆ 1. ಆದರೆ ಮಾನದಂಡ ರೂಪಿಸಿದ ಸಮಿತಿ ಅದಕ್ಕೆ ನೇರವಾಗಿ ‘ಬೂಲ್’ ಎಂದು ಹೆಸರಿಡುವಂತಿರಲಿಲ್ಲ. ಆ ಹೆಸರನ್ನು ಅದಾಗಲೇ ಅಸಂಖ್ಯ ಪ್ರೋಗ್ರಾಮುಗಳು ಬಳಸಿಕೊಂಡಿದ್ದವು. ಹಾಗಾಗಿ ಮುಂದೆ ಅಂಡರ್‌ಸ್ಕೋರ್, ಆಮೇಲೆ ದೊಡ್ಡ ‘ಬಿ’ ಸೇರಿಸಿ, ಮಾನದಂಡವು ತನಗೆಂದೇ ಕಾದಿರಿಸಿಕೊಂಡಿದ್ದ ಬಗೆಯ ಹೆಸರನ್ನು ಕೊಟ್ಟರು. ಚೆಂದದ ಹೆಸರು ಬೇಕಾದವರು ‘ಸ್ಟಡ್‌ಬೂಲ್’ ಎಂಬ ಹೆಡರ್ ಫೈಲನ್ನು ಸೇರಿಸಿಕೊಳ್ಳಬಹುದಿತ್ತು.

ಮಾನದಂಡ ಬಂದ ಮಾತ್ರಕ್ಕೆ ಹಳೆಯ ಕಂಪೈಲರುಗಳು ಮಾಯವಾಗುವುದಿಲ್ಲ. ಮೈಕ್ರೋಸಾಫ್ಟಿನ ಸಿ ಕಂಪೈಲರಿಗೆ ಈ ಹೆಡರ್ ಬಂದದ್ದು ವಿಶುವಲ್ ಸ್ಟುಡಿಯೋ 2013ರಲ್ಲಿ. ಎಲ್ಲ ಕಡೆ ಓಡಬೇಕಾದ ಪ್ರೋಗ್ರಾಮು ಅಲ್ಲಿಯವರೆಗೆ ಏನು ಮಾಡಬೇಕು? ಕಂಪೈಲರ್ ತಾನು ಪಾಲಿಸುವ ಮಾನದಂಡದ ಸಂಖ್ಯೆಯನ್ನು ಹೇಳುತ್ತದೆ. ಅದು 199901 ಅಥವಾ ಹೆಚ್ಚಾದರೆ ಹೊಸ ಹೆಡರ್, ಇಲ್ಲವಾದರೆ ಸ್ವಂತ ಬದಲಿ. ಆಟೋಕಾನ್ಫ್ ಸಾಧನ ಇನ್ನೂ ಗಟ್ಟಿ. ಹೇಳಿಕೆಯನ್ನು ನಂಬದೆ, ಪುಟ್ಟದೊಂದು ಪ್ರೋಗ್ರಾಮನ್ನು ಕಂಪೈಲ್ ಮಾಡಿಯೇ ನೋಡುತ್ತದೆ.

ಬದಲಿ ಹೆಡರ್ ಬೂಲ್, ಟ್ರೂ, ಫಾಲ್ಸ್ ಎಂಬ ಮೂರು ಹೆಸರುಗಳನ್ನು ಕೊಟ್ಟೀತು. ಆ ಪರಿವರ್ತನೆಯ ಗುಣವನ್ನು ಕೊಡಲಾರದು. ಒಂದೇ ಸಾಲು ಹೊಸ ಕಂಪೈಲರಿನಲ್ಲಿ ಒಂದು ರೀತಿ, ಹಳೆಯದರಲ್ಲಿ ಇನ್ನೊಂದು ರೀತಿ ನಡೆದೀತು. ಆದ್ದರಿಂದ ಪೋರ್ಟಬಲ್ ಬರವಣಿಗೆ ನಿಂತಿರುವುದು ಶಿಸ್ತಿನ ಮೇಲೆ. ಬೂಲ್‌ಗೆ ಏನನ್ನೇ ತುಂಬುವ ಮೊದಲು ಸೊನ್ನೆಯೊಂದಿಗೆ ಹೋಲಿಸಿ, ಇಲ್ಲವೇ ಎರಡು ಬಾರಿ ನಿರಾಕರಿಸಿ: ಮೊದಲ ನಿರಾಕರಣೆ 256 ಅನ್ನು ಸೊನ್ನೆ ಮಾಡುತ್ತದೆ, ಎರಡನೆಯದು ಆ ಸೊನ್ನೆಯನ್ನು 1 ಮಾಡುತ್ತದೆ. ‘ಟ್ರೂ’ಗೆ ಸಮವೇ ಎಂದು ಎಂದೂ ಕೇಳಬೇಡಿ.

ಅಳತೆಯನ್ನೂ ನಂಬುವಂತಿಲ್ಲ. ಪವರ್‌ಪಿಸಿ ಪ್ರೊಸೆಸರಿನ ಹಳೆಯ ಮ್ಯಾಕ್‌ಗಳಲ್ಲಿ ಬೂಲ್ 4 ಬೈಟ್, ಇಂಟೆಲ್ ಮ್ಯಾಕ್‌ಗಳಲ್ಲಿ 1 ಬೈಟ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಬೂಲನ್ನು ಡಿಸ್ಕಿನಲ್ಲೂ ಒಂದೇ ಬೈಟ್ ಆಗಿ ಬರೆಯುತ್ತದೆ. ಹಾಗಾಗಿ ಅದು ದೀರ್ಘಕಾಲ ‘ಚಾರ್’ ಬೂಲನ್ನೇ ನೆಚ್ಚಿಕೊಂಡಿತ್ತು. 2018ರ 11ನೇ ಆವೃತ್ತಿಯಲ್ಲಿ ಹೊಸ ಹೆಡರಿಗೆ ಒಗ್ಗಿಕೊಂಡಾಗಲೂ, ಅಳತೆ 1 ಬೈಟ್ ಇದ್ದರೆ ಮಾತ್ರ ಎಂಬ ಷರತ್ತು ಇಟ್ಟುಕೊಂಡಿತು.

ಈಗ ಗಾಳಿ ತಿರುಗಿ ಬೀಸಿದೆ. ಸಿ23 ಎಂದು ಕರೆಯುವ ಹೊಸ ಮಾನದಂಡದಲ್ಲಿ ಬೂಲ್, ಟ್ರೂ, ಫಾಲ್ಸ್ ಮೂರೂ ಭಾಷೆಯದೇ ಪದಗಳು. 2025ರಲ್ಲಿ ಬಂದ ಜಿಸಿಸಿ 15 ಕಂಪೈಲರ್ ಇದನ್ನೇ ಪೂರ್ವನಿಯೋಜಿತವಾಗಿ ಪಾಲಿಸುತ್ತದೆ. ಬೂಲ್ ಎಂದರೆ ಪೂರ್ಣಾಂಕ ಎಂದು ದಶಕಗಳ ಹಿಂದೆ ಹೆಸರಿಟ್ಟುಕೊಂಡ ಪ್ರೋಗ್ರಾಮುಗಳು ಅದರಲ್ಲಿ ಕಂಪೈಲ್ ಆಗುವುದೇ ಇಲ್ಲ. ಹಳೆಯ ಕಂಪೈಲರಿಗೆಂದು ಕಟ್ಟಿದ ಬದಲಿ ಹೆಡರಿಗೆ ಹೊಸದರ ಎದುರು ಸುಮ್ಮನಿರುವ ಷರತ್ತೂ ಬೇಕಾಗಿದೆ. ಸೊನ್ನೆಯೊಂದಿಗೆ ಹೋಲಿಸಿ ಬರೆದ ಸಾಲಿಗೆ ಮಾತ್ರ ಇಷ್ಟು ಕಾಲದಲ್ಲಿ ಯಾವ ತಿದ್ದುಪಡಿಯೂ ಬೇಕಾಗಿಲ್ಲ.