ಗಡಿ ಹೊಳೆಗೆ 14 ಕಮಾನು

ಹರಿಹರ ಅಂದರೆ ಮೊದಲು ನೆನಪಾಗುವುದು ಹರಿಹರೇಶ್ವರನ ಗುಡಿ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿ ಅರ್ಧ ಹರಿ, ಅರ್ಧ ಹರ. ಊರಿನ ಪರಿಚಯ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಹೊರಟು ಇಲ್ಲಿಗೇ ಮುಗಿಸಿಬಿಡುತ್ತಾರೆ. ಗುಡಿಯನ್ನು ಕಣ್ತುಂಬ ನೋಡಿ, ಆಮೇಲೆ ತುಂಗಭದ್ರಾ ಹೊಳೆಯ ಕಡೆ ಹೊರಡಿ. ಈಗಿನ ಹರಿಹರದ ಕಥೆ ಶುರುವಾಗುವುದು ಅಲ್ಲಿ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಅರ್ಧ ರಾಜ್ಯ ಬಿಟ್ಟುಕೊಟ್ಟ. ಹೊಳೆಯ ಆಚೆ ದಡ ಮರಾಠರ ಪಾಲಾಯಿತು. 1799ರಲ್ಲಿ ಟಿಪ್ಪು ಮಡಿದು ಒಡೆಯರಿಗೆ ಮೈಸೂರು ಮರಳಿದಾಗಲೂ ತುಂಗಭದ್ರೆಯೇ ಗಡಿಯಾಗಿ ಉಳಿಯಿತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಹೀಗಾಗಿ ಹರಿಹರದವರಿಗೆ ಈಚೆ ದಡ ಮೈಸೂರು, ಆಚೆ ದಡ ಮೊದಲು ಪೇಶ್ವೆ ಆಮೇಲೆ ಮುಂಬೈ, ಹರಪನಹಳ್ಳಿ ದಾರಿ ಹಿಡಿದರೆ ಮದ್ರಾಸು. ಒಂದೇ ಮಾತಾಡುವ ಜನಕ್ಕೆ ಮೂರು ಸರ್ಕಾರ. ಈ ಕಡೆ ಕೊಟ್ಟ ಹೆಣ್ಣು, ಆ ಕಡೆ ತಂದ ಸೊಸೆ ಎಲ್ಲರೂ ಹೊಳೆ ದಾಟಿಕೊಂಡೇ ಇದ್ದರು. ನದಿಯನ್ನು ಗಡಿ ಎಂದು ಎಣಿಸಿದ್ದು ಕಂದಾಯದ ಕಡತಗಳು.

ಕಂಪನಿಯ ದಂಡು ಈ ದಡಕ್ಕೆ ಬಂದ ಪ್ರಸಂಗದಲ್ಲಿ ನಮ್ಮ ಚನ್ನಗಿರಿಯವನೊಬ್ಬ ಇದ್ದಾನೆ. ಧೋಂಡಿಯ ವಾಘ್. ಟಿಪ್ಪುವಿನ ಸೆರೆಯಲ್ಲಿದ್ದವನು, ಶ್ರೀರಂಗಪಟ್ಟಣ ಬಿದ್ದ ಗದ್ದಲದಲ್ಲಿ ತಪ್ಪಿಸಿಕೊಂಡು ದಂಡು ಕಟ್ಟಿ, ತನ್ನನ್ನು ತಾನೇ ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ. ಅವನ ಬೆನ್ನು ಹತ್ತಿದ್ದ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದಲ್ಲಿ ಬೀಡುಬಿಟ್ಟು ಹೊಳೆ ದಾಟಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ಜೂನ್ ಅಂದರೆ ಮಲೆನಾಡಿನಲ್ಲಿ ಮಳೆ ಹಿಡಿದು ತುಂಗೆ, ಭದ್ರೆ ಎರಡೂ ಏರುವ ಹೊತ್ತು. ಕೂಡ್ಲಿಯಲ್ಲಿ ಒಂದಾದ ನೀರು ಹರಿಹರಕ್ಕೆ ಬರುವಾಗ ಕೆಂಪಗೆ ಉಕ್ಕುತ್ತಿರುತ್ತದೆ. ಸೇತುವೆಯಿಲ್ಲದ ಹೊಳೆಯಲ್ಲಿ ಫಿರಂಗಿ, ಎತ್ತು, ದವಸ ಎಲ್ಲವನ್ನೂ ಆಚೆ ಸಾಗಿಸುವುದು ಎಂಥ ಪಡಿಪಾಟಲೆಂದು ಊಹಿಸಿಕೊಳ್ಳಬಹುದು. ಅದೇ ಸೆಪ್ಟೆಂಬರ್‌ನಲ್ಲಿ ಧೋಂಡಿಯ ಹತನಾದ.

ಊರಿನ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ಬ್ರಿಟಿಷರ ದೇಸಿ ಸಿಪಾಯಿಗಳ ಒಂದು ರೆಜಿಮೆಂಟು ಠಾಣೆ ಹೂಡಿತ್ತು. ನನಗೆ ಸೋಜಿಗವೆನಿಸುವ ಸಂಗತಿಯೆಂದರೆ, 1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ಕೈಸೇರಿದ ಮೇಲೆ ಆಚೆ ದಡದಲ್ಲಿ ಶತ್ರುವೇ ಇರಲಿಲ್ಲ. ಆದರೂ ಆ ದಂಡು 1865ರವರೆಗೆ ಅಲ್ಲೇ ಇತ್ತು. 1830–31ರ ನಗರ ಸೀಮೆಯ ದಂಗೆ ಹೊನ್ನಾಳಿಯವರೆಗೂ ಹೊತ್ತಿ ಉರಿದದ್ದನ್ನು ನೆನೆದರೆ, ಬಂದೂಕಿನ ಬಾಯಿ ಹೊಳೆಯ ಕಡೆಗಿಂತ ಸಂಸ್ಥಾನದ ಒಳಗೇ ತಿರುಗಿತ್ತೆಂದು ಹೇಳಬೇಕು. ಆ ದಂಗೆಯ ನೆಪದಲ್ಲೇ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡು 50 ವರ್ಷ ಕಮಿಷನರ್‌ಗಳ ಮೂಲಕ ನಡೆಸಿದರು.

ದಂಡು ಹೋಗಿ ಮೂರು ವರ್ಷಕ್ಕೆ, ಕಮಿಷನರ್ ಬೌರಿಂಗ್ ಕಾಲದಲ್ಲಿ, ಸೇತುವೆ ಎದ್ದಿತು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಕಲ್ಲು, ಇಟ್ಟಿಗೆಯಲ್ಲಿ ಕಟ್ಟಿದ್ದು, 1868ರಲ್ಲಿ ಮುಗಿಯಿತು. ಖರ್ಚು ಹತ್ತಿರ ಹತ್ತಿರ 3 ಲಕ್ಷ ರೂಪಾಯಿ. ಒಂದೊಂದೂ 60 ಅಡಿ ಅಗಲದ 14 ಕಮಾನು. ಅಂದರೆ ನೀರು ಹರಿಯಲು ಒಟ್ಟು 840 ಅಡಿ ತೆರವು. ಕಮಾನಿನ ಆಕಾರವನ್ನು ಗಮನಿಸಬೇಕು. ಗುಂಡನೆಯ ಅರ್ಧವೃತ್ತವಾಗಿದ್ದರೆ 60 ಅಡಿ ಅಗಲಕ್ಕೆ 30 ಅಡಿ ಎತ್ತರ ಏರಲೇಬೇಕು. ಆಗ ರಸ್ತೆಯೂ ಮೇಲೇರಿ, ತುಂಬಿದ ಗಾಡಿ ಎಳೆಯುವ ಎತ್ತುಗಳಿಗೆ ಎರಡೂ ತುದಿಯಲ್ಲಿ ದಿಬ್ಬ ಹತ್ತುವ ಶಿಕ್ಷೆ. ಅದಕ್ಕೇ ಇಲ್ಲಿ ಕಮಾನನ್ನು ಒತ್ತಿದಂತೆ ಚಪ್ಪಟೆ ಮಾಡಿ ಅಂಡಾಕಾರಕ್ಕೆ ತಂದಿದ್ದಾರೆ. ಚಪ್ಪಟೆ ಕಮಾನು ಪಕ್ಕಕ್ಕೆ ಹೆಚ್ಚು ತಳ್ಳುತ್ತದೆ. ಒಂದರ ತಳ್ಳಾಟವನ್ನು ಪಕ್ಕದ್ದು ತಡೆಯುತ್ತದೆ. ತುದಿಯ ಎರಡರ ತಳ್ಳಾಟ ಮಾತ್ರ ದಡದ ಕಟ್ಟಡಕ್ಕೆ ಬೀಳುತ್ತದೆ. ಸಾಲಿನಲ್ಲಿ ಒಂದು ಕುಸಿದರೂ ಉಳಿದವಕ್ಕೆ ಅಪಾಯ.

ಮುಂದಿನದು ರೈಲು. 1880ರ ದಶಕ ಮುಗಿಯುವ ಹೊತ್ತಿಗೆ ಮೀಟರ್ ಗೇಜ್ ಹಳಿ ಮೈಸೂರು, ಬೆಂಗಳೂರುಗಳನ್ನು ಹರಿಹರದ ಮೂಲಕ ಹುಬ್ಬಳ್ಳಿ ಕಡೆಗೆ ಜೋಡಿಸಿತು. ಸಂಸ್ಥಾನದ ಗಡಿಯ ನಿಲ್ದಾಣವೆಂದು ಹರಿಹರಕ್ಕೆ ಹೆಸರು ಬಂತು. ಹತ್ತಿ ವ್ಯಾಪಾರದ ಲಾಭ ಮಾತ್ರ ಪಕ್ಕದ ದಾವಣಗೆರೆಗೆ ಹೋಯಿತು. ದಾಟುವ ಕಷ್ಟ ಇದ್ದಷ್ಟು ದಿನ ಜನ ದಡದಲ್ಲಿ ತಂಗುತ್ತಾರೆ. ಸೇತುವೆ, ಹಳಿ ಬಂದ ಮೇಲೆ ನಿಲ್ಲದೆ ಮುಂದೆ ಹೋಗುತ್ತಾರೆ. ಹರಿಹರದ ಪೇಟೆ ದಾವಣಗೆರೆಯಷ್ಟು ಬೆಳೆಯದಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಪೇಟೆ ಕೊಡದ ಕೆಲಸವನ್ನು ಕಾರ್ಖಾನೆ ಕೊಟ್ಟಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಇಲ್ಲಿ ಹುಟ್ಟಿತು. ಮರಾಠಿ ಸೀಮೆಯ ಉದ್ಯಮಿಗಳಿಗೆ ಮೈಸೂರಿನ ಬಾಗಿಲಲ್ಲೇ ನೀರು, ರೈಲು ಎರಡೂ ಸಿಕ್ಕಿದ ಜಾಗ. ಇಲ್ಲಿ ತಯಾರಾದ ಲೇತ್‌ಗಳ ಮೇಲೆ ಕಬ್ಬಿಣ ಕೊರೆಯುವುದನ್ನು ದೇಶದ ಎಷ್ಟೋ ಐಟಿಐ, ಪಾಲಿಟೆಕ್ನಿಕ್ ಹುಡುಗರು ಕಲಿತರು. ಹೊಸ ಶತಮಾನದ ಹೊಸ್ತಿಲಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು.

ಹೊಳೆಯ ಆಚೆ, ಕುಮಾರಪಟ್ಟಣದಲ್ಲಿ, 1970ರ ದಶಕದ ಆರಂಭದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದ್ದು. ಅಂದರೆ 1956ರವರೆಗೆ ಅದು ಮುಂಬೈ ಪ್ರಾಂತ್ಯದ ದಡ. ಕಾರ್ಖಾನೆಯ ನೀರಿನಿಂದ ಹೊಳೆ ಕೆಟ್ಟಿತೆಂದು ಕೆಳದಡದ ಹಳ್ಳಿಗಳ ಮೀನುಗಾರರು, ರೈತರು ಎದ್ದುನಿಂತರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಬೆನ್ನಿಗೆ ನಿಂತಿತು. ಕಚ್ಚಾಮಾಲಿಗಾಗಿ ನೀಲಗಿರಿ ನೆಡಲು ಊರ ಗೋಮಾಳ ಬಿಟ್ಟುಕೊಟ್ಟದ್ದರ ವಿರುದ್ಧ 1987ರಲ್ಲಿ ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೂ ಇದೇ ಕಥೆಯ ಕವಲು.

ಹರಿಹರದಲ್ಲಿ ಹೊಳೆಗೆ ಸೇರುವ ಪುಟ್ಟ ಹರಿದ್ರಾವನ್ನು ಬಹಳ ಜನ ಗಮನಿಸುವುದೇ ಇಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ತುಂಬಿ ಮಿಕ್ಕ ನೀರು ಈ ಹಳ್ಳದಲ್ಲೇ ಇಳಿದು ಬರುತ್ತದೆ. ಈಗ ಹೊಳೆಯ ನೀರು ತಿರುಗಿ ಒಳನಾಡಿಗೆ ಹೋಗುವ ದಾರಿಯೂ ಆಗಿದೆ. ಹರಿಹರ ತಾಲ್ಲೂಕಿನ ದೀಟೂರು ಬಳಿ ಹೊಳೆಯಿಂದ ನೀರೆತ್ತಿ, ಹೊಳೆಯ ಮುಖವನ್ನೇ ಕಾಣದ ಜಗಳೂರು ಸೀಮೆಗೆ ಪೈಪಿನಲ್ಲಿ ಸಾಗಿಸುವ 57 ಕೆರೆಗಳ ಯೋಜನೆ ಬಂದಿದೆ. ಅಲ್ಲಿನ ಸೊಕ್ಕೆ ಹೋಬಳಿಯ ಮಳೆಯಾಶ್ರಿತ ಹೊಲಗಳಲ್ಲಿ ನಿಂತು ಮಾತಾಡುವ ರೈತರಿಗೆ ಈಗ ಹರಿಹರ ಎಂದರೆ ಪಂಪು ಎಷ್ಟು ದಿನ ಓಡಿತು, ಯಾವ ಕೆರೆಗೆ ಎಷ್ಟು ನೀರು ಬಿತ್ತು ಎಂಬ ಲೆಕ್ಕ.