ಎರಡನೇ ಸೀಟಿನವರು ಏಕೆ ಬೇಕು

2009ರ ಜೂನ್‌ನಲ್ಲಿ ಬ್ರಸೆಲ್ಸ್‌ನಿಂದ ಅಮೆರಿಕದ ನೂವರ್ಕ್‌ಗೆ ಹೊರಟಿದ್ದ ಕಾಂಟಿನೆಂಟಲ್ ಏರ್‌ಲೈನ್ಸ್ ವಿಮಾನದ ಕ್ಯಾಪ್ಟನ್ ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತಿರುವಾಗಲೇ ತೀರಿಕೊಂಡರು. ಉಳಿದ ಪೈಲಟ್‌ಗಳು ವಿಮಾನವನ್ನು ನೂವರ್ಕ್‌ನಲ್ಲೇ ಇಳಿಸಿದರು. ಒಳಗಿದ್ದ 247 ಪ್ರಯಾಣಿಕರಲ್ಲಿ ಬಹುತೇಕರಿಗೆ ವಿಷಯ ತಿಳಿದದ್ದು ಕೆಳಗಿಳಿದ ಮೇಲೆ. 2015ರಲ್ಲಿ ಫೀನಿಕ್ಸ್‌ನಿಂದ ಬಾಸ್ಟನ್‌ಗೆ ಹೋಗುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನ ಇದೇ ಕಾರಣಕ್ಕೆ ಸಿರಾಕ್ಯೂಸ್‌ನಲ್ಲಿ ಇಳಿಯಿತು. 2023ರಲ್ಲಿ ಮಯಾಮಿಯಿಂದ ಸಾಂಟಿಯಾಗೊಗೆ ಹೊರಟ ಲಾಟಾಮ್ ವಿಮಾನ ಪನಾಮಾದಲ್ಲಿ ಇಳಿಯಿತು, 2024ರಲ್ಲಿ ಸಿಯಾಟಲ್‌ನಿಂದ ಇಸ್ತಾಂಬುಲ್‌ಗೆ ಹೊರಟ ಟರ್ಕಿಶ್ ಏರ್‌ಲೈನ್ಸ್ ವಿಮಾನ ನ್ಯೂಯಾರ್ಕ್‌ನಲ್ಲಿ. ನಾಲ್ಕರಲ್ಲೂ ಕ್ಯಾಪ್ಟನ್ ಬದುಕಲಿಲ್ಲ, ನಾಲ್ಕರಲ್ಲೂ ಪ್ರಯಾಣಿಕರಿಗೆ ಕೂದಲೂ ಕೊಂಕಲಿಲ್ಲ. ಇಂಥ ಸುದ್ದಿ ಓದಿದಾಗ ನಮಗೆ ಬರುವ ಭಯ ಸಹಜವೇ. ಆದರೆ ಆ ಭಯ ತಪ್ಪು ಜಾಗದಲ್ಲಿ ನಿಂತಿದೆ ಎಂದು ನನಗನ್ನಿಸುತ್ತದೆ. ಪೈಲಟ್ ಎದೆ ಹಿಡಿದುಕೊಂಡು ಕುಸಿದರೆ ಪಕ್ಕದವರಿಗೆ ಅದು ಕಾಣುತ್ತದೆ, ಮುಂದೇನು ಮಾಡಬೇಕೆಂಬುದೂ ಅವರಿಗೆ ಗೊತ್ತಿದೆ. ನಿಜವಾಗಿ ಅಪಾಯ ತಂದೊಡ್ಡಿರುವುದು ಯಾರ ಕಣ್ಣಿಗೂ ಬೀಳದ ಅಸ್ವಸ್ಥತೆ, ಕಣ್ಣಿಗೆ ಬಿದ್ದರೂ ಬಾಯಿಬಿಟ್ಟು ಹೇಳಲಾಗದ ಅಸ್ವಸ್ಥತೆ.

ಮೊದಲು ತೀರ ಸಾಮಾನ್ಯವಾದದ್ದನ್ನು ನೋಡಿಬಿಡೋಣ. ಹಾರಾಟದ ನಡುವೆ ಪೈಲಟ್‌ಗಳನ್ನು ಹೆಚ್ಚಾಗಿ ಕಾಡುವುದು ಹೃದಯವಲ್ಲ, ಹೊಟ್ಟೆ. 2010ರಿಂದ 2014ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿದ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆಗೆ ವರ್ಷಕ್ಕೆ ಸರಾಸರಿ 23 ಘಟನೆಗಳು ಸಿಕ್ಕವು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಎಲ್ಲಕ್ಕಿಂತ ಮುಂದಿದ್ದ ಕಾರಣ ವಾಂತಿ, ಭೇದಿ, ಹೊಟ್ಟೆನೋವು. ಅದರ ನಂತರದ್ದು ನೆಲದಿಂದ ಯಾರೋ ಕಣ್ಣಿಗೆ ಹಾಯಿಸುವ ಲೇಸರ್ ಬೆಳಕು. ಇಬ್ಬರು ಪೈಲಟ್‌ಗಳೂ ಒಂದೇ ಊಟ ಮಾಡಬಾರದು ಎಂದು ಬಹಳಷ್ಟು ಕಂಪನಿಗಳು ನಿಯಮ ಮಾಡಿರುವುದು ಹೊಟ್ಟೆಯ ಈ ಕಾಟದಿಂದಲೇ. ಈ ಮುನ್ನೆಚ್ಚರಿಕೆಯ ಬೆಲೆ ಗೊತ್ತಾಗಬೇಕಾದರೆ 1975ರ ಫೆಬ್ರವರಿಯಲ್ಲಿ ಜಪಾನ್ ಏರ್‌ಲೈನ್ಸ್‌ನ ಜಂಬೊ ವಿಮಾನದಲ್ಲಿ ನಡೆದದ್ದನ್ನು ನೋಡಬೇಕು. ಅಲಾಸ್ಕಾದ ಆಂಕರೇಜ್‌ನಲ್ಲಿ ತುಂಬಿಸಿದ ಬೆಳಗಿನ ತಿಂಡಿಯನ್ನು ತಿಂದ 344 ಪ್ರಯಾಣಿಕರಲ್ಲಿ 196 ಮಂದಿ ಕೋಪನ್‌ಹೇಗನ್ ತಲುಪುವ ಹೊತ್ತಿಗೆ ಹಾಸಿಗೆ ಹಿಡಿಯುವಂತಾದರು. ತಿಂಡಿಯಲ್ಲಿದ್ದ ಹ್ಯಾಮ್ (ಹಂದಿಮಾಂಸ) ತಯಾರಿಸಿದ ಅಡುಗೆಯವರ ಬೆರಳಿನ ಗಾಯದಿಂದ ಸೋಂಕು ಹರಡಿತ್ತು. ಪೈಲಟ್‌ಗಳು ಪಾರಾದದ್ದು ನಿಯಮದಿಂದಲ್ಲ. ಆಂಕರೇಜ್‌ನಲ್ಲಿ ಹತ್ತಿದ ಅವರ ದೇಹಕ್ಕೆ ಅದು ರಾತ್ರಿಯೂಟದ ಸಮಯ, ಹಾಗಾಗಿ ಬೆಳಗಿನ ತಿಂಡಿ ಬಿಟ್ಟು ಬೇರೆ ಊಟ ಮಾಡಿದ್ದರು. ಗಡಿಯಾರದ ಕೃಪೆ ಅಷ್ಟೆ.

ಇನ್ನು ಹೃದಯದ ವಿಚಾರ. ಪೈಲಟ್ ಆರೋಗ್ಯವಂತ ಎಂದು ಸರ್ಟಿಫಿಕೇಟ್ ಕೊಡುವ ವೈದ್ಯರು ಯಾವ ಅಳತೆಗೋಲು ಹಿಡಿದಿದ್ದಾರೆ? ಹಲವು ದೇಶಗಳ ವೈಮಾನಿಕ ವೈದ್ಯರು ದಶಕಗಳಿಂದ ಬಳಸುತ್ತಿರುವುದು ‘ಶೇ. 1ರ ನಿಯಮ’. ವರ್ಷದಲ್ಲಿ ಹಠಾತ್ತಾಗಿ ಕೆಲಸ ಮಾಡಲಾಗದ ಸ್ಥಿತಿಗೆ ಹೋಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ, ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ ಅವರು ಹಾರಬಹುದು. ನೂರಕ್ಕೆ ಒಂದು ಎಂದರೆ ಕಡಿಮೆಯೇನಲ್ಲ ಎಂದು ನಿಮಗನ್ನಿಸಿದರೆ ತಪ್ಪಿಲ್ಲ, ಆದರೆ ಅದರ ಹಿಂದಿರುವ ಲೆಕ್ಕ ನೋಡಿ. ವರ್ಷಕ್ಕೆ 8,760 ಗಂಟೆ, ಸರಿಸುಮಾರು ಹತ್ತು ಸಾವಿರ ಎಂದಿಟ್ಟುಕೊಳ್ಳೋಣ. ಆಗ ಶೇ. 1 ಎಂದರೆ ಹತ್ತು ಲಕ್ಷ ಗಂಟೆಗೆ ಒಂದು ಸಲ. ಹಾರಾಟದಲ್ಲಿ ಸಾವರಿಸಿಕೊಳ್ಳಲು ಸಮಯವೇ ಸಿಗದ ಹೊತ್ತು ಏರುವಾಗ ಮತ್ತು ಇಳಿಯುವಾಗಿನದು ಮಾತ್ರ. ಅದು ಒಟ್ಟು ಹೊತ್ತಿನ ಹತ್ತನೇ ಒಂದು ಪಾಲು ಎಂದು ಹಿಡಿದರೆ ಕೋಟಿ ಗಂಟೆಗೆ ಒಂದಾಯಿತು. ಆ ಹೊತ್ತಿನಲ್ಲೇ ಒಬ್ಬರು ಕುಸಿದರೂ ಇನ್ನೊಬ್ಬರು ನೂರರಲ್ಲಿ 99 ಸಲ ವಿಮಾನವನ್ನು ಉಳಿಸಿಕೊಳ್ಳುತ್ತಾರೆ ಎಂದಿಟ್ಟುಕೊಂಡರೆ, ನೂರು ಕೋಟಿ ಗಂಟೆಗೆ ಒಂದು ದುರಂತ. ಈ ಲೆಕ್ಕದಲ್ಲಿ ಅತಿ ಹೆಚ್ಚು ಭಾರ ಹೊತ್ತಿರುವುದು ವೈದ್ಯರ ತಪಾಸಣೆಯೂ ಅಲ್ಲ, ಯಂತ್ರವೂ ಅಲ್ಲ, ಕೊನೆಯ ಆ 99. ಅದು ಪಕ್ಕದ ಸೀಟಿನಲ್ಲಿ ಕೂತವರ ಮೇಲೆ ಇಟ್ಟ ನಂಬಿಕೆ. ಅವರು ಎಚ್ಚರವಾಗಿದ್ದಾರೆ, ಗಮನಿಸುತ್ತಿದ್ದಾರೆ, ಸಂದರ್ಭ ಬಂದರೆ ಹಿರಿಯರ ಕೈಯಿಂದ ವಿಮಾನವನ್ನು ಕಿತ್ತುಕೊಳ್ಳಲೂ ಹಿಂಜರಿಯುವುದಿಲ್ಲ ಎಂಬ ನಂಬಿಕೆ.

ಆ ನಂಬಿಕೆ ಎಲ್ಲಿ ಸೋರುತ್ತದೆ ಎಂಬುದಕ್ಕೆ 1972ರ ಜೂನ್ 18ರಂದು ಲಂಡನ್ ಬಳಿಯ ಸ್ಟೇನ್ಸ್‌ನಲ್ಲಿ ನಡೆದ ದುರಂತ ಸಾಕ್ಷಿ. ಹೀಥ್ರೂನಿಂದ ಬ್ರಸೆಲ್ಸ್‌ಗೆ ಹೊರಟ ಟ್ರೈಡೆಂಟ್ ವಿಮಾನ ಮೇಲೆದ್ದ ಎರಡೂವರೆ ನಿಮಿಷದಲ್ಲಿ ನೆಲಕ್ಕೆ ಬಿತ್ತು. ಒಳಗಿದ್ದ 118 ಮಂದಿಯೂ ಸತ್ತರು. ಕಡಿಮೆ ವೇಗದಲ್ಲಿ ವಿಮಾನವನ್ನು ಎತ್ತಿ ಹಿಡಿಯುವ, ರೆಕ್ಕೆಯ ಮುಂಚೂಣಿಯ ಭಾಗಗಳನ್ನು ಬೇಕಾದ ವೇಗ ಬರುವ ಮೊದಲೇ ಯಾರೋ ಒಳಕ್ಕೆ ಎಳೆದಿದ್ದರು. 51 ವರ್ಷದ ಕ್ಯಾಪ್ಟನ್‌ರ ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ತೀವ್ರವಾಗಿ ಕಟ್ಟಿಕೊಂಡದ್ದು ಬೆಳಕಿಗೆ ಬಂತು. ಅವರು ಕುಸಿದು ಬಿದ್ದಿರಲಿಲ್ಲ. ನೋವಿನಲ್ಲೋ ಮಂಕಿನಲ್ಲೋ ಅವರ ಗಮನ ಚದುರಿರಬೇಕು, ವೇಗ ಕಡಿಮೆಯಾದದ್ದು ಅರಿವಿಗೆ ಬಂದಿರಲಿಕ್ಕಿಲ್ಲ ಎಂಬುದು ವಿಚಾರಣೆಯ ತೀರ್ಮಾನ. ಪಕ್ಕದಲ್ಲಿದ್ದವರು 22ರ ಹರೆಯದ, ಆ ವಿಮಾನಕ್ಕೆ ಹೊಸಬರಾದ ಪೈಲಟ್. ಕಾಕ್‌ಪಿಟ್‌ನಲ್ಲಿ ನಡೆದ ಮಾತುಕತೆ ನಮಗೆ ಸಿಗುವಂತಿಲ್ಲ, ಏಕೆಂದರೆ ವಿಮಾನದಲ್ಲಿ ಧ್ವನಿ ದಾಖಲಿಸುವ ಯಂತ್ರವೇ ಇರಲಿಲ್ಲ. ದೊಡ್ಡ ಬ್ರಿಟಿಷ್ ವಿಮಾನಗಳಲ್ಲಿ ಅದು ಕಡ್ಡಾಯವಾದದ್ದು ಈ ದುರಂತದ ನಂತರ.

ಧ್ವನಿ ದಾಖಲೆ ಇದ್ದ ಪ್ರಕರಣ ನಮ್ಮ ಕರಾವಳಿಯದ್ದೇ ಇದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆ ಮಾಡಿದ್ದರು, ಅವರ ಗೊರಕೆ ರೆಕಾರ್ಡರ್‌ನಲ್ಲಿತ್ತು. ಗಾಢ ನಿದ್ದೆಯಿಂದ ಎದ್ದವರ ಮೆದುಳಿಗೆ ಕೆಲ ಹೊತ್ತು ಮಂಕು ಕವಿದಿರುತ್ತದೆ. ಆ ಮಂಕು ಅವರ ನಿರ್ಧಾರವನ್ನು ಕೆಡಿಸಿರಬಹುದು ಎಂದಿತು ತನಿಖೆ. ಕಾಯಿಲೆಯ ಪಟ್ಟಿಯಲ್ಲಿ ನಿದ್ದೆಯ ಮಂಪರಿಗೆ ಜಾಗವಿಲ್ಲ ಎಂದು ಕೆಲವರು ವಾದಿಸಬಹುದು. ಆದರೆ ಪಕ್ಕದಲ್ಲಿ ಕೂತವರ ದೃಷ್ಟಿಯಲ್ಲಿ ನೋಡಿದರೆ ವ್ಯತ್ಯಾಸವೇನೂ ಇಲ್ಲ. ಕಣ್ಣು ತೆರೆದಿದೆ, ಕೈ ಕಂಟ್ರೋಲ್ ಮೇಲಿದೆ, ತಲೆ ಮಾತ್ರ ಪೂರ್ತಿ ಇಲ್ಲಿಲ್ಲ. ವಿಮಾನ ಬೇಕಾದ್ದಕ್ಕಿಂತ ಬಹಳ ಎತ್ತರದಿಂದ ಇಳಿಯುತ್ತಿದೆ ಎಂದು ಸಹ ಪೈಲಟ್ ಗುರುತಿಸಿದ್ದರು, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದರು. ಕಂಡಿತ್ತು, ಬಾಯಿಬಿಟ್ಟು ಹೇಳಿಯೂ ಆಗಿತ್ತು, ಆದರೂ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಲೆಕ್ಕದಲ್ಲಿನ 99 ಕೈಕೊಡುವುದು ಇಂಥಲ್ಲಿ.

ಇದಕ್ಕೆಂದೇ ಪೈಲಟ್‌ಗಳಿಗೆ ಕಲಿಸುವ ಒಂದು ಸರಳ ನಿಯಮವಿದೆ. ಹಾರಾಟದ ಪ್ರತಿ ಹಂತದಲ್ಲೂ ಒಬ್ಬರು ಹೇಳಬೇಕಾದ, ಇನ್ನೊಬ್ಬರು ಉತ್ತರಿಸಬೇಕಾದ ನಿಗದಿತ ಮಾತುಗಳಿರುತ್ತವೆ. ಎರಡು ಸಲ ಕೇಳಿದರೂ ಸರಿಯಾದ ಉತ್ತರ ಬರದಿದ್ದರೆ, ಅಥವಾ ವಿಮಾನ ದಾರಿ ತಪ್ಪಿದ್ದನ್ನು ಎತ್ತಿ ಹೇಳಿದರೂ ಸರಿಪಡಿಸದಿದ್ದರೆ, ಎದುರಿನವರು ಅಸ್ವಸ್ಥರು ಎಂದೇ ಭಾವಿಸಿ ವಿಮಾನ ನಿಮ್ಮ ಕೈಗೆ ತೆಗೆದುಕೊಳ್ಳಿ. ಏನಾಗಿದೆ ಎಂದು ರೋಗ ಪತ್ತೆಮಾಡುತ್ತ ಕೂರಬೇಕಿಲ್ಲ. ಆಟೊಪೈಲಟ್ ಹಾಕಿ, ತುರ್ತು ಸ್ಥಿತಿ ಘೋಷಿಸಿ, ಕುಸಿದವರ ಮೈ ಕಂಟ್ರೋಲ್ ಮೇಲೆ ಬೀಳದಂತೆ ಸೀಟನ್ನು ಹಿಂದಕ್ಕೆಳೆದು ಬೆಲ್ಟ್ ಬಿಗಿಯಲು ಸಿಬ್ಬಂದಿಯನ್ನು ಕರೆದು, ಹತ್ತಿರದ ಸೂಕ್ತ ನಿಲ್ದಾಣದಲ್ಲಿ ಇಳಿಸಬೇಕು. ಈ ನಿಯಮದ ಜಾಣತನವಿರುವುದು ಸಂಕೋಚವನ್ನು ಕಿತ್ತುಹಾಕುವುದರಲ್ಲಿ. ಇಪ್ಪತ್ತು ವರ್ಷ ಹಿರಿಯರಾದ ‘ಸರ್’ಗೆ ನಿಮಗೇನೋ ಆಗಿದೆ ಎಂದು ಹೇಳುವುದು ನಮ್ಮಲ್ಲಂತೂ ಸುಲಭವಲ್ಲ. ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ ಎನ್ನುವುದು ಸುಲಭ.

ಇಷ್ಟೆಲ್ಲ ಏಕೆ, ತಪಾಸಣೆಯನ್ನೇ ಬಿಗಿ ಮಾಡಬಾರದೇ ಎಂದು ಕೇಳಬಹುದು. ತಪಾಸಣೆ ಈಗಲೂ ಸಡಿಲವೇನಲ್ಲ. ಭಾರತದಲ್ಲಿ ನಾಗರಿಕ ಪೈಲಟ್‌ಗಳನ್ನು ಪರೀಕ್ಷಿಸುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು, ಗಗನಯಾನದ ಅಭ್ಯರ್ಥಿಗಳನ್ನು ಸೋಸಿ ತೆಗೆದದ್ದೂ ಅಲ್ಲೇ. ಪ್ರಯಾಣಿಕ ವಿಮಾನದ ಪೈಲಟ್‌ಗಳಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, 60 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಇರುತ್ತದೆ. ಆದರೂ ತಪಾಸಣೆ ಒಂದು ದಿನದ ಚಿತ್ರ ಮಾತ್ರ. 2023ರ ಆಗಸ್ಟ್‌ನಲ್ಲಿ ಇಂಡಿಗೊ ಪೈಲಟ್ ಒಬ್ಬರು ನಾಗಪುರದಲ್ಲಿ ವಿಮಾನ ಹತ್ತುವ ಗೇಟಿನ ಬಳಿಯೇ ಕುಸಿದು ಸತ್ತರು. ಅವರ ಬಳಿಯೂ ಸರ್ಟಿಫಿಕೇಟ್ ಇತ್ತು. ಅತಿಯಾದ ಬಿಗಿಗೆ ಇನ್ನೊಂದು ಕೆಡುಕೂ ಇದೆ. ರೋಗ ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯವಿದ್ದವರು ರೋಗವನ್ನು ಮುಚ್ಚಿಡುತ್ತಾರೆ. 2015ರ ಮಾರ್ಚ್‌ನಲ್ಲಿ ಆಲ್ಪ್ಸ್ ಪರ್ವತಕ್ಕೆ ವಿಮಾನವನ್ನು ಅಪ್ಪಳಿಸಿ ತನ್ನನ್ನೂ ಸೇರಿಸಿ 150 ಮಂದಿಯನ್ನು ಕೊಂದ ಜರ್ಮನ್‌ವಿಂಗ್ಸ್ ಸಹ ಪೈಲಟ್, ಕೆಲಸಕ್ಕೆ ಹೋಗಬೇಡಿ ಎಂದು ವೈದ್ಯರು ಬರೆದುಕೊಟ್ಟ ಚೀಟಿಗಳನ್ನು ಕಂಪನಿಗೆ ತೋರಿಸಿರಲಿಲ್ಲ. ಆ ಪ್ರಕರಣವನ್ನು ನನ್ನ ವಾದಕ್ಕೆ ವಿರುದ್ಧವಾಗಿಯೂ ಬಳಸಬಹುದು: ಎರಡನೇ ಪೈಲಟ್ಟೇ ಅಪಾಯವಾದರೆ? ನಿಜ. ಆದರೆ ಆತ ಅದನ್ನು ಮಾಡಲು ಕಾದದ್ದು ಕ್ಯಾಪ್ಟನ್ ಹೊರಹೋಗಿ, ಬಾಗಿಲು ಮುಚ್ಚಿ, ತಾನೊಬ್ಬನೇ ಉಳಿಯುವ ಕ್ಷಣಕ್ಕೆ. ಯುರೋಪ್ ಆಮೇಲೆ ತಪಾಸಣೆಯ ಜೊತೆಗೆ ಪೈಲಟ್‌ಗಳು ಸಹೋದ್ಯೋಗಿಗಳ ಬಳಿ ಗುಟ್ಟಾಗಿ ಕಷ್ಟ ಹೇಳಿಕೊಳ್ಳುವ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿತು. ಭಯಪಡಿಸುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆಂದು ನನಗನ್ನಿಸುತ್ತದೆ.

ಇನ್ನು ಯಂತ್ರದ ಮಾತು. ಪೈಲಟ್ ಕುಸಿದಾಗ ಒಂದು ಗುಂಡಿ ಒತ್ತಿದರೆ ತಾನೇ ನಿಲ್ದಾಣ ಹುಡುಕಿ ಇಳಿಯುವ ವ್ಯವಸ್ಥೆ ಸಣ್ಣ ವಿಮಾನಗಳಲ್ಲಿ 2020ರಿಂದ ಬಂದಿದೆ. ಒಬ್ಬರೇ ಪೈಲಟ್ ಇರುವಲ್ಲಿ ಅದು ವರವೇ ಸರಿ. ಈ ಬಲದ ಮೇಲೆ, ದೊಡ್ಡ ವಿಮಾನಗಳಲ್ಲೂ ದೀರ್ಘ ಹಾರಾಟದ ನಡುವಿನ ಗಂಟೆಗಳಲ್ಲಿ ಒಬ್ಬರೇ ಕೂತಿರಲಿ, ಇನ್ನೊಬ್ಬರು ಮಲಗಿರಲಿ ಎಂಬ ಪ್ರಸ್ತಾಪ ಯುರೋಪಿನಲ್ಲಿ ಬಂತು. ಸಂಬಳದ ಉಳಿತಾಯ ಕಡಿಮೆಯೇನಲ್ಲ. ಅಂಥ ಹೊತ್ತು ಹೇಗಿರಬಹುದೆಂದು 2024ರ ಫೆಬ್ರವರಿ 17ರಂದು ಫ್ರಾಂಕ್‌ಫರ್ಟ್‌ನಿಂದ ಸ್ಪೇನಿನ ಸೆವಿಲ್‌ಗೆ ಹೋಗುತ್ತಿದ್ದ ಲುಫ್ತಾನ್ಸಾ ವಿಮಾನ ತೋರಿಸಿಕೊಟ್ಟಿತು. ಕ್ಯಾಪ್ಟನ್ ಶೌಚಕ್ಕೆ ಹೋಗಿದ್ದಾಗ ಒಳಗೆ ಒಬ್ಬರೇ ಇದ್ದ ಸಹ ಪೈಲಟ್ ಪ್ರಜ್ಞೆ ತಪ್ಪಿದರು. 205 ಮಂದಿ ಇದ್ದ ವಿಮಾನ ಸುಮಾರು ಹತ್ತು ನಿಮಿಷ ಆಟೊಪೈಲಟ್ ಮೇಲೆ ನೆಟ್ಟಗೆ ಹಾರುತ್ತಲೇ ಇತ್ತು. ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು, ಆದರೆ ಕೂತವರಿಗೆ ಹುಷಾರಿಲ್ಲ ಎಂಬುದು ಅದಕ್ಕೆ ತಿಳಿಯಲೇ ಇಲ್ಲ. ನೆಲದಿಂದ ನಿಯಂತ್ರಕರು ಕರೆದರು, ಉತ್ತರವಿಲ್ಲ. ಕ್ಯಾಪ್ಟನ್ ಬಾಗಿಲಿನ ಕೋಡ್ ಐದು ಸಲ ಒತ್ತಿದರು, ತೆರೆಯಲಿಲ್ಲ. ಕೊನೆಗೆ ತುರ್ತು ಕೋಡ್ ಒತ್ತಿ ಕಾಯುತ್ತಿದ್ದಾಗ ಸಹ ಪೈಲಟ್ಟೇ ಬೆವರುತ್ತ, ಬಿಳುಚಿದ ಮುಖದಲ್ಲಿ ಒಳಗಿನಿಂದ ತೆರೆದರು. ಅವರಿಗಿದ್ದ ನರಸಂಬಂಧಿ ತೊಂದರೆ ತಪಾಸಣೆಯಲ್ಲಿ ಸಿಕ್ಕಿರಲಿಲ್ಲ. ವಿಮಾನ ಮ್ಯಾಡ್ರಿಡ್‌ನಲ್ಲಿ ಇಳಿಯಿತು.

ಕಾಕ್‌ಪಿಟ್‌ನಲ್ಲಿ ಒಬ್ಬರನ್ನೇ ಬಿಡುವ ಅಪಾಯವನ್ನು ಕಂಪನಿಗಳು ಮತ್ತೆ ಅಳೆದು ನೋಡಲಿ ಎಂದು ಸ್ಪೇನಿನ ತನಿಖಾ ಸಂಸ್ಥೆ 2025ರಲ್ಲಿ ಸೂಚಿಸಿತು. ಅದೇ ವರ್ಷ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯ ಅಧ್ಯಯನವೂ, ಇಂದಿನ ಕಾಕ್‌ಪಿಟ್ ತಂತ್ರಜ್ಞಾನದಲ್ಲಿ ಒಬ್ಬರೇ ಕೂತಿರುವ ಹಾರಾಟ ಇಬ್ಬರಿರುವ ಹಾರಾಟದಷ್ಟು ಸುರಕ್ಷಿತ ಎಂದು ಹೇಳಲಾಗದು ಎಂಬ ನಿಲುವಿಗೆ ಬಂತು. ‘ಇಂದಿನ’ ಎಂಬ ಮಾತನ್ನು ಹಿಡಿದು ತಯಾರಕರು ನಾಳೆ ಮತ್ತೆ ಬರುತ್ತಾರೆ, ಪೈಲಟ್‌ನ ಕಣ್ರೆಪ್ಪೆಯನ್ನೂ ನಾಡಿಯನ್ನೂ ಅಳೆಯುವ ಕ್ಯಾಮೆರಾ, ಸೆನ್ಸರ್‌ಗಳೊಂದಿಗೆ. ಆಗ ಅವರನ್ನು ಕೇಳಬೇಕಾದ್ದು ಕುಸಿದವರನ್ನು ನಿಮ್ಮ ಯಂತ್ರ ಗುರುತಿಸುತ್ತದೆಯೇ ಎಂದಲ್ಲ, ಅದು ಗುರುತಿಸೀತು. ಸ್ಟೇನ್ಸ್‌ನ ಕ್ಯಾಪ್ಟನ್‌ರನ್ನು, ಬಜ್ಪೆಯ ಕ್ಯಾಪ್ಟನ್‌ರನ್ನು ಗುರುತಿಸುತ್ತಿತ್ತೇ, ಗುರುತಿಸಿದ ಮೇಲೆ ಅವರ ಕೈಯಿಂದ ವಿಮಾನ ತೆಗೆದುಕೊಳ್ಳುತ್ತಿತ್ತೇ ಎಂದು ಕೇಳಬೇಕು.